ಮರ ತಿನ್ನುವ ಚಿಪ್ಪಣಬೆಯ ಹಸಿವು

ಜಪಾನಿನ ಶಿನಾನೋ ಪ್ರಾಂತ್ಯದ ಅಧಿಕಾರಿ ಫುಜಿವಾರಾ ನೊ ನೊಬುತಾದಾ ಅವಧಿ ಮುಗಿಸಿ, ದೊಡ್ಡ ಪರಿವಾರ ಕಟ್ಟಿಕೊಂಡು ರಾಜಧಾನಿಗೆ ಮರಳುತ್ತಿದ್ದ. ಮಿಸಾಕಾ ಎಂಬ ಬೆಟ್ಟದ ದಾರಿಯಲ್ಲಿ ಮರದ ಸೇತುವೆಯ ಅಂಚಿಗೆ ಕಾಲಿಟ್ಟ ಕುದುರೆ ಜಾರಿತು. ಸವಾರನೂ ಕುದುರೆಯೂ ಒಟ್ಟಿಗೇ ಪ್ರಪಾತಕ್ಕೆ. ಮೇಲಿದ್ದವರು ಇಣುಕಿದರೆ ತಳವೇ ಕಾಣಿಸದು. ಯಜಮಾನ ಹೋದನೆಂದು ಎಲ್ಲರೂ ಕೈಚೆಲ್ಲಿ ಕೂತಿರುವಾಗ ಕೆಳಗಿನಿಂದ ಸಣ್ಣಗೆ ಕೂಗು ಕೇಳಿತು. ಬುಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಇಳಿಸಬೇಕಂತೆ. ಇಳಿಸಿದರು. ಸನ್ನೆ ಬಂದ ಮೇಲೆ ಎಳೆದರೆ ಬುಟ್ಟಿ ಯಾಕೋ ಹಗುರ. ಮೇಲೆ ಬಂದದ್ದು ಯಜಮಾನನಲ್ಲ, ಬುಟ್ಟಿ ತುಂಬ ಹಿರಾತಾಕೆ ಅಣಬೆ!

ಎರಡನೇ ಸಲ ಇಳಿಸಿದ ಬುಟ್ಟಿಯಲ್ಲಿ ಆತನೇ ಕೂತು ಬಂದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮತ್ತೆ ಮೂರು ಗೊಂಚಲು ಅಣಬೆ. ಬೀಳುವಾಗ ಮರದ ಕೊಂಬೆಗಳು ಹಿಡಿದುಕೊಂಡವಂತೆ. ಆ ಮರದ ಮೈತುಂಬ ಅಣಬೆ ಎದ್ದಿತ್ತಂತೆ. ಜೀವ ಉಳಿದದ್ದಕ್ಕಿಂತ, ಕೈಗೆಟುಕದೆ ಉಳಿದುಹೋದ ಅಣಬೆಯ ಬಗ್ಗೆಯೇ ಅವನಿಗೆ ಹೆಚ್ಚು ಕೊರಗು.

12ನೇ ಶತಮಾನದ ಕಥಾಸಂಗ್ರಹ ‘ಕೊಂಜಾಕು ಮೊನೊಗತಾರಿಶು’ದಲ್ಲಿ ಬರುವ ಈ ಪ್ರಸಂಗ, ಸಿಕ್ಕಲ್ಲಿ ಬಾಚಿಕೊಳ್ಳುವ ಅಧಿಕಾರಿಗಳನ್ನು ಗೇಲಿ ಮಾಡಲು ಹೇಳಿದ್ದು. ಆದರೆ ಅಣಬೆಯ ವಿಷಯದಲ್ಲಿ ಕಥೆಗಾರ ಎಲ್ಲೂ ತಪ್ಪಿಲ್ಲ. ಹಿರಾತಾಕೆ ನೆಲದಲ್ಲಿ ಏಳುವುದಿಲ್ಲ, ಮರದ ಮೇಲೆ ಏಳುತ್ತದೆ. ಒಂಟಿಯಾಗಿ ಏಳುವುದು ಅಪರೂಪ, ಅಂತಸ್ತು ಅಂತಸ್ತಾಗಿ ಗೊಂಚಲುಗಟ್ಟುತ್ತದೆ. ಎದ್ದರೆ ಬುಟ್ಟಿ ತುಂಬುವಷ್ಟು.

ಈ ಹಿರಾತಾಕೆ ಕನ್ನಡಿಗರಿಗೆ ಅಪರಿಚಿತವೇನಲ್ಲ. ವಿಜ್ಞಾನಿಗಳು ಪ್ಲೂರೋಟಸ್ ಆಸ್ಟ್ರಿಯೇಟಸ್ ಎಂದು ಕರೆಯುವ ಇದನ್ನು, ಇದರ ಅಕ್ಕತಂಗಿಯರನ್ನು ನಮ್ಮಲ್ಲಿ ಚಿಪ್ಪು ಅಣಬೆ ಅಥವಾ ಸಿಂಪಿ ಅಣಬೆ ಎಂದು ಮಾರುತ್ತಾರೆ. ಭತ್ತದ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಬೆಳೆಯುವ ಸಾಧು ತರಕಾರಿ ಎಂದೇ ಅದರ ಹೆಸರು. ಕಾಡಿನಲ್ಲಿ ಅದರ ನಡೆ ಬೇರೆ. ಅಲ್ಲಿ ಅದು ಮರ ತಿನ್ನುತ್ತದೆ, ಹುಳ ಹಿಡಿಯುತ್ತದೆ, ಅವಕಾಶ ಸಿಕ್ಕರೆ ನೆರೆಹೊರೆಯವರನ್ನು ಓಡಿಸುತ್ತದೆ. ಶೆಡ್ಡಿನಲ್ಲಿ ಅದು ಇಷ್ಟು ಸುಲಭವಾಗಿ ಬೆಳೆಯುವುದಕ್ಕೂ ಇದೇ ಹಸಿವು ಕಾರಣ.

ಚಳಿ ಬಿದ್ದರೆ ಸುಗ್ಗಿ

ಮಲೆನಾಡಿನಲ್ಲಿ ಅಣಬೆ ಎಂದರೆ ಮುಂಗಾರಿನ ಮೊದಲ ಗುಡುಗು, ಹುತ್ತದ ಮಣ್ಣು, ನಸುಕಿನಲ್ಲೇ ಎದ್ದು ಓಡುವವರ ಪೈಪೋಟಿ. ಯುರೋಪಿನ ಚಿಪ್ಪಣಬೆಯ ಕಾಲಮಾನ ಇದಕ್ಕೆ ತದ್ವಿರುದ್ಧ. ಉಳಿದ ಅಣಬೆಗಳೆಲ್ಲ ಮುಗಿದು, ಅಣಬೆ ಹುಡುಕುವವರು ಬುಟ್ಟಿ ಮಡಚಿಟ್ಟ ಮೇಲೆ, ಅಕ್ಟೋಬರ್ ಕಳೆದು ಚಳಿ ಬಿದ್ದಾಗ ಅದು ತಲೆ ಎತ್ತುತ್ತದೆ. ಬೇಸಿಗೆಯಿಡೀ ಮರದೊಳಗೆ ಬಿಳಿ ಎಳೆಗಳಾಗಿ ಹರಡಿಕೊಂಡಿದ್ದ ಜೀವಕ್ಕೆ ತಾಪಮಾನ ಕುಸಿದದ್ದೇ ಹೊರಬರಲು ಸೂಚನೆ. ರಾತ್ರಿ ಹಿಮಕ್ಕೆ ಕಲ್ಲಿನಂತಾದ ಅಣಬೆ ಹಗಲು ಕರಗಿ, ಮತ್ತೆ ಬೆಳೆಯುವುದೂ ಉಂಟು.

ಅದಕ್ಕೆ ಇಷ್ಟವಾದದ್ದು ಅಗಲ ಎಲೆಯ, ಎಲೆ ಉದುರಿಸುವ ಮರಗಳು: ಬೀಚ್, ಪಾಪ್ಲರ್, ವಿಲ್ಲೋ, ಓಕ್, ಮೇಪಲ್, ಎಲ್ಮ್. ಬಿದ್ದ ದಿಮ್ಮಿಯಾದರೂ ಸರಿ, ನಿಂತೇ ಸತ್ತ ಮರವಾದರೂ ಸರಿ. ಬದುಕಿರುವ ಮರಕ್ಕೂ ಕೊಂಬೆ ಮುರಿದ ಗಾಯದಿಂದ ನುಗ್ಗಿ ಒಳಗಿನ ತಿರುಳನ್ನು ಮೆಲ್ಲಗೆ ಟೊಳ್ಳು ಮಾಡುತ್ತದೆ. ಟೋಪಿ ಬೀಸಣಿಗೆಯಂತೆ ಒಂದು ಬದಿಗೇ ಚಾಚಿರುತ್ತದೆ. ಬಣ್ಣ ಎಳೆಯದರಲ್ಲಿ ನೀಲಿ ಬೆರೆತ ಬೂದು, ಬಲಿತಂತೆ ಕಂದು ಅಥವಾ ಮಾಸಲು ಕೆನೆ. ತಿರುಗಿಸಿ ನೋಡಿದರೆ ಬಿಳಿ ಪದರಗಳು ಟೋಪಿಯ ಅಂಚಿನಿಂದ ಹೊರಟು ಗಿಡ್ಡ ತೊಟ್ಟಿನ ಮೇಲೂ ಇಳಿದಿರುತ್ತವೆ. ಕೆಲವು ಸಲ ತೊಟ್ಟೇ ಇರುವುದಿಲ್ಲ.

ವಿಯೆನ್ನಾದ ಸಸ್ಯಶಾಸ್ತ್ರಜ್ಞ ನಿಕೋಲಸ್ ಯೋಸೆಫ್ ಫಾನ್ ಜಾಕ್ವಿನ್ 1775ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. 1871ರಲ್ಲಿ ಜರ್ಮನಿಯ ಪೌಲ್ ಕುಮ್ಮರ್ ಈಗಿನ ಕುಲಕ್ಕೆ ಸೇರಿಸಿದರು. ಹಳ್ಳಿಗರು ಅದಕ್ಕೆ ಎಷ್ಟೋ ಮೊದಲೇ ಕಿತ್ತು ತಿನ್ನುತ್ತಿದ್ದರು.

ಕಟ್ಟಿಗೆ ಎಂಬ ಕಠಿಣ ಊಟ

ಮರ ತಿಂದು ಬದುಕುವುದು ಸುಲಭವಲ್ಲ. ಮರದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಕಬ್ಬಿಣದ ಸರಳಾದರೆ, ಲಿಗ್ನಿನ್ ಅದರ ಸುತ್ತ ಸುರಿದ ಕಾಂಕ್ರೀಟು. ಮರದ ತೂಕದಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್ ಇರುತ್ತದೆ. ಅದರ ರಚನೆ ಎಷ್ಟು ಅಡ್ಡಾದಿಡ್ಡಿ ಎಂದರೆ, ಬೀಗಕ್ಕೊಂದು ಕೀಲಿ ಎಂಬಂತೆ ಕೆಲಸ ಮಾಡುವ ಸಾಮಾನ್ಯ ಕಿಣ್ವಗಳು ಅಲ್ಲಿ ಸೋಲುತ್ತವೆ. ಬಹುತೇಕ ಜೀವಿಗಳಿಗೆ ಅದು ಅರಗದ ತುತ್ತು.

ಚಿಪ್ಪಣಬೆ ಸೇರಿದ ಗುಂಪನ್ನು ‘ಬಿಳಿ ಕೊಳೆತ’ದ ಶಿಲೀಂಧ್ರಗಳು ಎನ್ನುತ್ತಾರೆ. ಇವು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ಮೈಯಿಂದ ಆಚೆಗೆ, ಮರದೊಳಕ್ಕೇ ಸುರಿಸುತ್ತವೆ. ಆ ಕಿಣ್ವಗಳು ಹುಟ್ಟಿಸುವ ಚುರುಕಾದ ರಾಸಾಯನಿಕ ಕಣಗಳು ಲಿಗ್ನಿನ್ ಬಂಧಗಳನ್ನು ಹೊಂದಾಣಿಕೆ ನೋಡದೆ ಕತ್ತರಿಸುತ್ತ ಹೋಗುತ್ತವೆ. ಊಟ ಹೊರಗೇ ಅರಗುತ್ತದೆ, ಎಳೆಗಳು ಸಾರವನ್ನು ಹೀರಿಕೊಳ್ಳುತ್ತವೆ. ಕಂದು ಬಣ್ಣ ಕೊಟ್ಟಿದ್ದ ಲಿಗ್ನಿನ್ ಹೋದ ಮೇಲೆ ಮರ ಬೆಳ್ಳಗಾಗಿ, ಮೆತ್ತಗಾಗಿ, ನಾರು ನಾರಾಗಿ ಬೆರಳಲ್ಲೇ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಗುಂಪಿನ ಶಿಲೀಂಧ್ರಗಳು ಸೆಲ್ಯುಲೋಸನ್ನಷ್ಟೇ ತಿಂದು ಲಿಗ್ನಿನ್ ಉಳಿಸುವುದರಿಂದ ಅಲ್ಲಿ ಮರ ಕಂದಾಗಿ, ಚೌಕ ಚೌಕವಾಗಿ ಬಿರಿಯುತ್ತದೆ. ಕೊಳೆತ ದಿಮ್ಮಿಯ ಬಣ್ಣ ನೋಡಿಯೇ ಒಳಗೆ ಯಾವ ಪಂಗಡ ಕೆಲಸ ಮಾಡಿದೆ ಎಂದು ಹೇಳಬಹುದು.

ಹೊಂದಾಣಿಕೆ ನೋಡದ ಈ ಕಿಣ್ವಗಳಿಗೆ ಇನ್ನೊಂದು ಉಪಯೋಗವೂ ಕಂಡಿತು. ಡೀಸೆಲ್, ಟಾರು, ಕೆಲವು ಬಣ್ಣಗಳು ಮತ್ತು ಕೀಟನಾಶಕಗಳಲ್ಲಿ ಲಿಗ್ನಿನ್ನನ್ನು ಹೋಲುವ ಉಂಗುರಾಕಾರದ ಅಣುಗಳಿವೆ. ಅವನ್ನೂ ಈ ಅಣಬೆ ಮುರಿಯಬಲ್ಲದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಅಣಬೆ ತಜ್ಞ ಪಾಲ್ ಸ್ಟಾಮೆಟ್ಸ್, ಬ್ಯಾಟೆಲ್ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ಡೀಸೆಲ್ ಸೋರಿದ್ದ ಮಣ್ಣಿನ ರಾಶಿಗೆ ಚಿಪ್ಪಣಬೆಯ ಎಳೆ ಬೆರೆಸಿದ ಪ್ರಯೋಗ ಹೆಸರುವಾಸಿ. ಕೆಲವು ವಾರಗಳಲ್ಲಿ ಆ ರಾಶಿಯ ಮೇಲೆ ಅಣಬೆ ಎದ್ದಿತು, ಅಣಬೆಗೆ ಹುಳ ಬಂತು, ಹುಳಕ್ಕೆ ಹಕ್ಕಿ ಬಂತು, ಹಕ್ಕಿಯೊಡನೆ ಬೀಜ ಬಂತು ಎಂದು ಅವರು ಬರೆದಿದ್ದಾರೆ. ಆದರೆ ಪ್ರಯೋಗಾಲಯದಲ್ಲಿ ಒಲಿದಷ್ಟು ಸುಲಭವಾಗಿ ಬಯಲಿನಲ್ಲಿ ಈ ವಿದ್ಯೆ ಒಲಿದಿಲ್ಲ. ಮಣ್ಣಿನಲ್ಲಿ ಮೊದಲೇ ಬೀಡುಬಿಟ್ಟ ಸೂಕ್ಷ್ಮಜೀವಿಗಳು ಸುಮ್ಮನೆ ಜಾಗ ಬಿಟ್ಟುಕೊಡುವುದಿಲ್ಲ.

ಹುಳಕ್ಕೆ ಬಲೆ

ಮರದಲ್ಲಿ ಇಂಗಾಲ ರಾಶಿ ರಾಶಿ. ಇಲ್ಲದ್ದು ಸಾರಜನಕ. ಅದಿಲ್ಲದೆ ಪ್ರೋಟೀನ್ ಇಲ್ಲ, ಕಿಣ್ವವೂ ಇಲ್ಲ. ಒಣಗಿದ ಮರದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ. ಬರೀ ಕಟ್ಟಿಗೆ ತಿಂದು ಕಿಲೋಗಟ್ಟಲೆ ಅಣಬೆ ಎಬ್ಬಿಸುವುದು ಹೇಗೆ?

ಉತ್ತರ 1984ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಿಂದ ಬಂತು. ಗ್ರೆಗ್ ಥಾರ್ನ್ ಮತ್ತು ಜಾರ್ಜ್ ಬ್ಯಾರನ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಚಿಪ್ಪಣಬೆ ಮಾಂಸಾಹಾರಿ. ಕೊಳೆಯುವ ಮರದಲ್ಲಿ ನೆಮಟೋಡ್ ಎಂಬ ದುಂಡುಹುಳಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಆದರೆ ಪ್ರೋಟೀನಿನ ಪೊಟ್ಟಣಗಳು. ಅಣಬೆ ಹಿಡಿಯುವುದು ಇವನ್ನೇ.

ಸೂಕ್ಷ್ಮದರ್ಶಕದ ಕೆಳಗೆ ಬೇಟೆ ಹೀಗೆ ನಡೆಯುತ್ತದೆ. ಶಿಲೀಂಧ್ರದ ಎಳೆಯಿಂದ ಅಲ್ಲಲ್ಲಿ ಗಿಡ್ಡ ಕಡ್ಡಿ ಎದ್ದಿರುತ್ತದೆ, ಕಡ್ಡಿಯ ತುದಿಯಲ್ಲೊಂದು ಗುಂಡನೆಯ ಬುಗ್ಗೆ. ಹುಳ ಬಳುಕುತ್ತ ಬಂದು ಮೂತಿಯಿಂದ ಅದನ್ನು ತಾಗಿಸುತ್ತದೆ. ಬುಗ್ಗೆ ಒಡೆಯುತ್ತದೆ. ಹುಳ ತಟ್ಟನೆ ಹಿಂದೆ ಸರಿಯುತ್ತದೆ, ತಲೆಯ ಭಾಗ ಮೊದಲು ಸೆಟೆದುಕೊಳ್ಳುತ್ತದೆ, ಕೆಲವೇ ನಿಮಿಷದಲ್ಲಿ ಮೈಯೆಲ್ಲ ಸ್ತಬ್ಧ. ಆಮೇಲೆ ಅಣಬೆಗೆ ಆತುರವಿಲ್ಲ. ಹತ್ತಿರದ ಎಳೆಗಳು ಹುಳದ ಬಾಯಿಯ ಕಡೆಗೆ ಬೆಳೆದು, ಒಳಹೊಕ್ಕು, ಅದನ್ನು ಒಳಗಿಂದಲೇ ಕರಗಿಸಿ ಕುಡಿಯುತ್ತವೆ. ಉಳಿಯುವುದು ಖಾಲಿ ಸಿಪ್ಪೆ.

ಬುಗ್ಗೆಯಲ್ಲಿ ಇರುವುದೇನು ಎಂಬ ಪ್ರಶ್ನೆ ಬಗೆಹರಿಯಲು ಮತ್ತೆ ಸುಮಾರು ನಾಲ್ಕು ದಶಕ ಹಿಡಿಯಿತು. ತೈವಾನಿನ ಅಕಾಡೆಮಿಯಾ ಸಿನಿಕಾದಲ್ಲಿ ಯೆನ್-ಪಿಂಗ್ ಶ್ವೇ ಅವರ ತಂಡ 2020ರಲ್ಲಿ ಹುಳ ಸಾಯುವ ಬಗೆಯನ್ನು ತೋರಿಸಿತು. ವಿಷ ತಾಗಿದೊಡನೆ ಹುಳದ ಸ್ನಾಯುಗಳಿಗೆ ಕ್ಯಾಲ್ಸಿಯಂ ನುಗ್ಗಿ, ಸ್ನಾಯು ಬಿಗಿದು, ಜೀವಕೋಶಗಳು ಒಂದರ ಹಿಂದೊಂದು ಸಾಯುತ್ತವೆ. ಮೂಸಿ ತಿಳಿಯುವ ಸೂಕ್ಷ್ಮ ರೋಮಗಳು ಊನಗೊಂಡ ಹುಳಗಳು ಮಾತ್ರ ಬದುಕುಳಿದವು. 2023ರಲ್ಲಿ ಅದೇ ತಂಡ ವಿಷದ ಗುರುತನ್ನೂ ಹಚ್ಚಿತು: 3-ಆಕ್ಟನೋನ್, ಗಾಳಿಗೆ ಬೇಗ ಆರುವ ಒಂದು ಕೀಟೋನ್. ಬುಗ್ಗೆಯೊಳಗೆ ಅದು ದಟ್ಟವಾಗಿ ಶೇಖರವಾಗಿರುತ್ತದೆ, ಒಡೆದಾಗ ಒಮ್ಮೆಲೇ ಹುಳದ ಮೇಲೆ ಎರಗುತ್ತದೆ.

ಅಣಬೆಯನ್ನು ಸಸ್ಯಾಹಾರವೆಂದೇ ತಿನ್ನುವವರು ಗಾಬರಿಯಾಗಬೇಕಿಲ್ಲ. ಈ ಬುಗ್ಗೆಗಳು ಮರದೊಳಗಿನ ಎಳೆಗಳ ಮೇಲೆ ಇರುವಂಥವು, ತಟ್ಟೆಗೆ ಬರುವ ಟೋಪಿಯಲ್ಲಿ ಅಲ್ಲ. ಹಬೆಯಲ್ಲಿ ಬೆಂದ ಹುಲ್ಲಿನ ಚೀಲದಲ್ಲಿ ಹಿಡಿಯಲು ಹುಳವೂ ಇರುವುದಿಲ್ಲ.

ಪೀಠದ ಆಸೆಗೆ ವಿಷದ ಅಡುಗೆ

ಕೊಂಜಾಕು ಸಂಗ್ರಹದಲ್ಲಿ ಹಿರಾತಾಕೆಯ ಇನ್ನೊಂದು ಕಥೆ ಇದೆ. ಕಿನ್‌ಪುಸೆನ್ ಬೆಟ್ಟದ ದೇವಾಲಯದ ಮುಖ್ಯಸ್ಥ ಎಂಬತ್ತು ದಾಟಿದರೂ ಗಟ್ಟಿಮುಟ್ಟು. ಅವನ ನಂತರ ಪೀಠಕ್ಕೇರಬೇಕಾದ ಸನ್ಯಾಸಿಗೂ ಎಪ್ಪತ್ತಾಯಿತು. ಕಾದು ಕಾದು ಸಾಕಾದ ಇವನು ವತಾರಿ ಎಂಬ ವಿಷದ ಅಣಬೆಯನ್ನು ಕಿತ್ತು ತಂದು, ಹಿರಾತಾಕೆ ಎಂದು ಹೇಳಿ, ರುಚಿಕಟ್ಟಾಗಿ ಅಡುಗೆ ಮಾಡಿ ಮುಖ್ಯಸ್ಥನನ್ನು ಊಟಕ್ಕೆ ಕರೆದ. ಮುದುಕ ಹೊಟ್ಟೆ ತುಂಬ ಉಂಡ. ಈಗ ವಾಂತಿ ಶುರುವಾದೀತು, ಈಗ ತಲೆ ತಿರುಗೀತು ಎಂದು ಇವನು ಕಣ್ಣು ಮಿಟುಕಿಸದೆ ನೋಡುತ್ತಿದ್ದರೆ, ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕು, ಇಷ್ಟು ಚೆನ್ನಾಗಿ ಬೇಯಿಸಿದ ವತಾರಿಯನ್ನು ಈ ವಯಸ್ಸಿನವರೆಗೂ ಉಂಡಿರಲಿಲ್ಲ ಎಂದ. ಅವನಿಗೆ ಆ ವಿಷ ನಾಟುತ್ತಲೇ ಇರಲಿಲ್ಲ!

ವತಾರಿ ಎಂದರೆ ಈಗ ಜಪಾನೀಯರು ತ್ಸುಕಿಯೋತಾಕೆ ಎನ್ನುವ ಅಣಬೆ ಎಂದು ನಂಬಲಾಗಿದೆ. ಇಂದಿಗೂ ಆ ದೇಶದಲ್ಲಿ ಅಣಬೆ ವಿಷಪ್ರಕರಣಗಳ ಪಟ್ಟಿಯಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನ. ಅದೂ ಬೀಚ್ ಮರದ ಮೇಲೇ, ಅದೇ ಶರತ್ಕಾಲದಲ್ಲಿ, ಅದೇ ಬೀಸಣಿಗೆಯ ಆಕಾರದಲ್ಲಿ ಗೊಂಚಲಾಗಿ ಏಳುತ್ತದೆ. ಅನುಭವಿಗಳು ತೊಟ್ಟನ್ನು ಉದ್ದಕ್ಕೆ ಸೀಳಿ ನೋಡುತ್ತಾರೆ. ವಿಷದ್ದಾದರೆ ಬುಡದ ಬಿಳಿ ತಿರುಳಿನಲ್ಲಿ ಕಪ್ಪು ಕಲೆ ಇರುತ್ತದೆ. ಕತ್ತಲಲ್ಲಿ ಇಟ್ಟರೆ ಅದರ ಪದರಗಳು ನಸುಹಸಿರಾಗಿ ಮಿನುಗುತ್ತವೆ. ಆದರೆ ಕಲೆ ಕೆಲವದರಲ್ಲಿ ಮಸುಕಾಗಿರುತ್ತದೆ, ಮಿನುಗು ಹಳತಾದಂತೆ ಆರುತ್ತದೆ. ತಿಂದವರಿಗೆ ಒಂದೆರಡು ಗಂಟೆಯೊಳಗೆ ವಾಂತಿ ಭೇದಿ ಶುರು. ಮುದುಕನ ಜಠರ ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ಹೋಲಿಕೆ ಇದಕ್ಕಿಂತ ಘೋರ. ಸುಗಿಹಿರಾತಾಕೆ ಎಂಬ ಬೆಳ್ಳನೆಯ ತೆಳು ಅಣಬೆಯನ್ನು ಉತ್ತರ ಜಪಾನಿನವರು ತಲೆಮಾರುಗಳಿಂದ ತಿನ್ನುತ್ತಿದ್ದರು. 2004ರ ಶರತ್ಕಾಲದಲ್ಲಿ ಅದನ್ನು ತಿಂದ 59 ಮಂದಿ ಮೆದುಳಿನ ಬೇನೆಗೆ ತುತ್ತಾದರು, 17 ಮಂದಿ ಸತ್ತರು. ಅವರಲ್ಲಿ ಮೂತ್ರಪಿಂಡದ ತೊಂದರೆ ಇದ್ದವರೇ ಹೆಚ್ಚು. ಅಜ್ಜನ ಕಾಲದಿಂದ ತಿಂದ ಅಣಬೆ ಒಂದು ವರ್ಷ ಹೀಗೆ ತಿರುಗಿಬಿತ್ತು. ಚಿಪ್ಪಣಬೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ನಿಂತ ನೆಲೆಯಲ್ಲೇ ಇದೆ: ಸುಗಿಹಿರಾತಾಕೆ ಏಳುವುದು ದೇವದಾರು, ಪೈನ್ ಜಾತಿಯ ಸೂಜಿ ಎಲೆಯ ಮರಗಳ ಮೇಲೆ. ಆದ್ದರಿಂದಲೇ ಅಣಬೆ ಬಲ್ಲವರು ಮೊದಲು ನೋಡುವುದು ಅಣಬೆಯನ್ನಲ್ಲ, ಅದು ಕೂತ ಮರವನ್ನು.

ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾದರೆ ವಿಷ, ಬೆಳ್ಳಿ ಚಮಚ ಬಣ್ಣಗೆಟ್ಟರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬ ನಂಬಿಕೆಗಳು ನಮ್ಮಲ್ಲೂ ಇವೆ, ಹೊರಗೂ ಇವೆ. ಯಾವುದಕ್ಕೂ ಆಧಾರವಿಲ್ಲ. ಅಡುಗೆಮನೆಯ ಯಾವ ಪರೀಕ್ಷೆಯೂ ಅಣಬೆಯ ವಿಷ ಹಿಡಿಯಲಾರದು.

ಯುದ್ಧದ ಹಸಿವಿನಿಂದ ಮೈಸೂರಿನ ಹುಲ್ಲಿಗೆ

ಕಾಡಿನ ಅಣಬೆಯನ್ನು ಮನುಷ್ಯ ಪಳಗಿಸಿದ್ದು ಹೊಟ್ಟೆಗಿಲ್ಲದ ಕಾಲದಲ್ಲಿ. ಮೊದಲ ಮಹಾಯುದ್ಧದ ನಡುವೆ ಜರ್ಮನಿಗೆ ಸಮುದ್ರದ ದಾರಿ ಮುಚ್ಚಿತ್ತು, ಜನ ಟರ್ನಿಪ್ ಗಡ್ಡೆ ತಿಂದು ಚಳಿಗಾಲ ಕಳೆಯುತ್ತಿದ್ದರು. ಹಾನ್ ಮ್ಯೂಂಡನ್‌ನ ಅರಣ್ಯ ವಿದ್ಯಾಲಯದಲ್ಲಿದ್ದ ರಿಚರ್ಡ್ ಫಾಲ್ಕ್ 1917ರಲ್ಲಿ ಕಡಿದ ಮರಗಳ ಬುಡಕ್ಕೆ ಚಿಪ್ಪಣಬೆಯನ್ನು ಹಚ್ಚಿ ಬೆಳೆಸುವ ವಿಧಾನವನ್ನು ಬರೆದರು. ಕಾಡಿನಲ್ಲಿ ವ್ಯರ್ಥವಾಗಿ ಬಿದ್ದ ಬುಡಗಳಿಂದ ಊಟ ಹುಟ್ಟಿಸುವ ಯೋಜನೆ ಅದು.

ಫಾಲ್ಕ್ ಅವರ ಮುಖ್ಯ ಕಸುಬು ಮಾತ್ರ ಇದಕ್ಕೆ ಉಲ್ಟಾ. ಮರಮುಟ್ಟನ್ನು ಶಿಲೀಂಧ್ರ ತಿನ್ನದಂತೆ ಕಾಪಾಡುವುದರಲ್ಲಿ ಅವರು ಹೆಸರು ಮಾಡಿದ್ದರು. ಆ ಕೆಲಸದಲ್ಲಿ ಅವರಿಗೆ ಜೊತೆಯಾದವರು ಭಾರತದ ಸೊಂಟಿ ಕಾಮೇಶಂ. ಇಬ್ಬರ ಹೆಸರನ್ನೂ ಬೆಸೆದ ‘ಫಾಲ್ಕಮೇಸಂ’ ಎಂಬ ಮರರಕ್ಷಕ ಲವಣ ಹೀಗೆ ಹುಟ್ಟಿತು. ಮುಂದೆ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ರೂಪಿಸಿದ ‘ಆಸ್ಕು’ ಮಿಶ್ರಣ ಜಗತ್ತಿನ ಲಕ್ಷಾಂತರ ಕಂಬಗಳನ್ನು ಕೊಳೆಯದಂತೆ ಉಳಿಸಿತು. ಅದೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದಾಗ ಯಹೂದಿಯಾಗಿದ್ದ ಫಾಲ್ಕ್ ಜರ್ಮನಿ ಬಿಡಬೇಕಾಯಿತು.

ದಿಮ್ಮಿಯ ಮೇಲಿನ ಬೇಸಾಯಕ್ಕೆ ತಾಳ್ಮೆ ಬೇಕು, ಚಳಿ ಬೇಕು. ಎರಡನ್ನೂ ತಪ್ಪಿಸಿದವರು ಬೇರೆಯವರು. ಅಮೆರಿಕದ ಫ್ಲೋರಿಡಾದಲ್ಲಿ ಸೀಮೋರ್ ಬ್ಲಾಕ್ ಮತ್ತು ಸಂಗಡಿಗರು 1950ರ ದಶಕದ ಕೊನೆಗೆ ಮರದ ಹೊಟ್ಟಿನ ಮೇಲೆ ಚಿಪ್ಪಣಬೆ ಎಬ್ಬಿಸಿದರು. ಅಲ್ಲಿಂದ ಬಂದ ತಳಿಯೊಂದನ್ನು ಜರ್ಮನಿಯಲ್ಲಿ ಗೆರ್ಡಾ ಎಗರ್ ಅಧ್ಯಯನ ಮಾಡಿದಾಗ ಅದಕ್ಕೆ ಚಳಿಯ ಹಂಗೇ ಇಲ್ಲವೆಂದು ತಿಳಿಯಿತು. ‘ಫ್ಲೋರಿಡಾ’ ಎಂಬ ಹೆಸರಿನಲ್ಲಿ ನಮ್ಮ ಬೆಳೆಗಾರರು ಕೊಳ್ಳುವ ಬಿಳಿ ಚಿಪ್ಪಣಬೆಯ ವಂಶ ಇದು.

ಹುಲ್ಲಿನ ದಾರಿ ತೆರೆದದ್ದು ಮೈಸೂರು. ಚೆಲುವಾಂಬ ಅರಮನೆಯಲ್ಲಿ ನೆಲೆಸಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ, ಶುರುವಾದದ್ದು 1950ರಲ್ಲಿ. ಅಲ್ಲಿ ಜಾಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ 1962ರಲ್ಲಿ ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದ ಪ್ರಯೋಗವನ್ನು ಪ್ರಕಟಿಸಿದರು. ಭಾರತದಲ್ಲಿ ಈ ಅಣಬೆಯ ಕೃಷಿಗೆ ಅಡಿಪಾಯ ಬಿದ್ದದ್ದು ಆಗ. ದಿಮ್ಮಿ ಬೇಡ, ಹೊಟ್ಟೂ ಬೇಡ, ಒಕ್ಕಣೆ ಮುಗಿದ ಮೇಲೆ ಉಳಿಯುವ ಹುಲ್ಲೇ ಸಾಕು. ಗಟ್ಟಿ ಮರವನ್ನೇ ಅರಗಿಸಿಕೊಳ್ಳುವ ಜೀವಕ್ಕೆ ಹುಲ್ಲಿನ ಲಿಗ್ನಿನ್ ಯಾವ ಲೆಕ್ಕ? ಬಟನ್ ಅಣಬೆಗಾದರೆ ವಾರಗಟ್ಟಲೆ ಕೊಳೆಸಿ ಹದ ಮಾಡಿದ ಗೊಬ್ಬರ ಬೇಕು, ತಂಪು ಕೋಣೆ ಬೇಕು. ಚಿಪ್ಪಣಬೆ ಕೊಳೆಸದ ಹುಲ್ಲಿಗೇ ಬಾಯಿ ಹಾಕುತ್ತದೆ. ಬಡವರ ಬೆಳೆಯಾಗಿ ಅದು ಹಬ್ಬಿದ್ದರ ಗುಟ್ಟು ಇಷ್ಟೇ.

ಕಾಡಿನಿಂದ ನೇರವಾಗಿ ಬಂದ ಭಾರತದ ತಳಿಯೂ ಉಂಟು. ಜಮ್ಮುವಿನ ಬೆಟ್ಟದ ತಪ್ಪಲಲ್ಲಿ ಕಳ್ಳಿ ಜಾತಿಯ ಗಿಡವೊಂದರ ಕೊಳೆತ ಬುಡದಿಂದ ಸಿ.ಎಲ್. ಜಾಂಡೈಕ್ ಸಂಗ್ರಹಿಸಿದ ಅಣಬೆಯನ್ನು ಅವರೂ ಜೆ.ಎನ್. ಕಪೂರ್ ಅವರೂ 1970ರ ದಶಕದಲ್ಲಿ ಬೆಳೆಗೆ ತಂದರು. ‘ಸಾಜೋರ್ ಕಾಜು’ ಎಂಬ ಹೆಸರಿನಲ್ಲಿ ಅದು ಲೋಕವನ್ನೆಲ್ಲ ಸುತ್ತಿತು. ಅದು ನಿಜವಾಗಿ ಪ್ಲೂರೋಟಸ್ ಪಲ್ಮೊನೇರಿಯಸ್ ಎಂದು ಆಮೇಲೆ ಗೊತ್ತಾಯಿತು. ವ್ಯಾಪಾರದಲ್ಲಿ ಹಳೆಯ ಹೆಸರೇ ಉಳಿದಿದೆ.

ಈಗಿನ ಪದ್ಧತಿ ಹಳ್ಳಿಯ ಸ್ವಸಹಾಯ ಸಂಘದ ಹೆಂಗಸರಿಗೂ ಬಾಯಿಪಾಠ. ಹುಲ್ಲನ್ನು ಎರಡು ಅಂಗುಲಕ್ಕೆ ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲೋ ಹಬೆಯಲ್ಲೋ ಬೇಯಿಸಿ ಬಸಿಯಬೇಕು. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆ ಬೀಜವನ್ನು ಹುಲ್ಲಿನ ಪದರದ ನಡುವೆ ಉದುರಿಸಿ ಚೀಲ ಕಟ್ಟುತ್ತಾರೆ. ಹದಿನೈದು ಇಪ್ಪತ್ತು ದಿನದಲ್ಲಿ ಚೀಲವೆಲ್ಲ ಬಿಳಿ. ಸೀಳು ಹಾಕಿ, ದಿನಕ್ಕೆರಡು ಮೂರು ಸಲ ನೀರು ಸಿಂಪಡಿಸಿದರೆ ಸೀಳಿನ ಬಾಯಲ್ಲಿ ಸಾಸಿವೆ ಗಾತ್ರದ ಮೊಗ್ಗುಗಳು ಕಿಕ್ಕಿರಿಯುತ್ತವೆ, ಮೂರ್ನಾಲ್ಕು ದಿನದಲ್ಲಿ ಅಂಗೈಯಗಲ ಅರಳುತ್ತವೆ. ಕೋಣೆಗೆ ಗಾಳಿ ಸಾಲದಿದ್ದರೆ ಅಣಬೆಯೇ ಹೇಳುತ್ತದೆ: ಅದು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಲ್ಲೇ ತುಂಬಿಕೊಂಡು ತೊಟ್ಟು ಉದ್ದವಾಗಿ, ಟೋಪಿ ಗುಂಡಿಯಷ್ಟೇ ಉಳಿಯುತ್ತದೆ. ಹಸಿರು ಬೂಷ್ಟು ಕಂಡರೆ ಆ ಚೀಲ ಹೊರಗೆ. ಎಲ್ಲ ಸರಿಹೋದರೆ ಒಂದು ಕಿಲೋ ಒಣ ಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ, ಎರಡು ಮೂರು ಕೊಯ್ಲಿನಲ್ಲಿ.

ಹಳದಿ ಚಿಪ್ಪು ಊರು ಬಿಟ್ಟ ಕಥೆ

ಶೆಡ್ಡಿಗೆ ಬಂದ ಕಾಡಿನ ಜೀವ ಮತ್ತೆ ಕಾಡಿಗೆ ಓಡಿದರೆ? ಅಮೆರಿಕದಲ್ಲಿ ಆಗಿರುವುದು ಅದೇ. ರಷ್ಯಾದ ಪೂರ್ವ ತುದಿ, ಈಶಾನ್ಯ ಚೀನಾ ಮತ್ತು ಜಪಾನಿನ ಮೂಲದ ಹಳದಿ ಚಿಪ್ಪಣಬೆಯನ್ನು ಅದರ ಚಂದಕ್ಕೆ ಮಾರುಹೋಗಿ ಅಲ್ಲಿನ ಬೆಳೆಗಾರರು ತರಿಸಿಕೊಂಡಿದ್ದರು. ಒಂದೊಂದು ಗೊಂಚಲೂ ಕೋಟಿಗಟ್ಟಲೆ ಬೀಜಕಣ ಉದುರಿಸುತ್ತದೆ. 2010ರ ದಶಕದ ಆರಂಭದಿಂದ ಅದು ಕಾಡಿನ ಮರಗಳ ಮೇಲೆ ಕಾಣಿಸತೊಡಗಿತು. ಈಗ 25 ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೋದಲ್ಲೂ ಬೀಡುಬಿಟ್ಟಿದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಐಶ್ವರ್ಯಾ ವೀರಬಾಹು ಮತ್ತು ಸಂಗಡಿಗರು ಮ್ಯಾಡಿಸನ್ ನಗರದ ಸುತ್ತಲಿನ ಸತ್ತ ಎಲ್ಮ್ ಮರಗಳಿಗೆ ರಂಧ್ರ ಕೊರೆದು, ಪುಡಿಯಲ್ಲಿದ್ದ ಡಿಎನ್‌ಎ ಓದಿದರು. ‘ಕರೆಂಟ್ ಬಯಾಲಜಿ’ಯಲ್ಲಿ 2025ರಲ್ಲಿ ಬಂದ ಅವರ ಪ್ರಬಂಧದ ಪ್ರಕಾರ, ಹಳದಿ ಚಿಪ್ಪಣಬೆ ಹೊಕ್ಕ ಮರಗಳಲ್ಲಿ ಉಳಿದ ಶಿಲೀಂಧ್ರಗಳ ವೈವಿಧ್ಯ, ಅದಿಲ್ಲದ ಮರಗಳಿಗೆ ಹೋಲಿಸಿದರೆ ಅರ್ಧದಷ್ಟು ಮಾತ್ರ. ಜಾಗ ಕಳೆದುಕೊಂಡವರಲ್ಲಿ ಎಲ್ಮ್ ಮರದ ಮೇಲೆ ಏಳುವ, ತಿನ್ನಲು ಬರುವ ಸ್ಥಳೀಯ ಅಣಬೆಯೂ ಇದೆ. ಒಂದು ಮರ ಯಾರ ಕೈಯಲ್ಲಿ ಕೊಳೆಯುತ್ತದೆ ಎಂಬುದು ಬದಲಾದರೆ ಅದು ಎಷ್ಟು ಬೇಗ ಕೊಳೆಯುತ್ತದೆ, ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ, ಅದನ್ನು ನಂಬಿದ ಹುಳಹುಪ್ಪಟೆ ಏನಾಗುತ್ತವೆ ಎಂಬುದೆಲ್ಲ ಬದಲಾಗಬಹುದು.

ಬೀಜಕಣದ ಕಾಟ ಬೆಳೆಗಾರರಿಗೆ ಹೊಸತಲ್ಲ. ಬಲಿತ ಚಿಪ್ಪಣಬೆಯ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಬೆಳಕಿನಲ್ಲಿ ಅದು ಹೊಗೆಯಂತೆ ತೇಲುವುದು ಕಾಣುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದವರಲ್ಲಿ ಕೆಮ್ಮು, ಜ್ವರ, ಉಬ್ಬಸ ಕಾಣಿಸಿಕೊಂಡು ಶ್ವಾಸಕೋಶವೇ ಕೆಡುವುದುಂಟು. ಆದ್ದರಿಂದ ಟೋಪಿಯ ಅಂಚು ಚಪ್ಪಟೆಯಾಗುವ ಮೊದಲೇ ಕೊಯ್ಯಬೇಕು, ಕೋಣೆಗೆ ಹೋಗುವಾಗ ಮಾಸ್ಕ್ ಇರಬೇಕು ಎಂದು ತರಬೇತಿಯಲ್ಲೇ ಹೇಳಿಕೊಡುತ್ತಾರೆ. ನೆದರ್‌ಲೆಂಡ್ಸ್‌ನ ವಾಗನಿಂಗನ್‌ನಲ್ಲಿ ಬೀಜಕಣ ಬಿಡದ ತಳಿ ಸಿದ್ಧವಾಗಿ ಮಾರುಕಟ್ಟೆಗೂ ಬಂತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಮೀರಾ ಪಾಂಡೆ ಮತ್ತು ಸಂಗಡಿಗರು ಫ್ಲೋರಿಡಾ ತಳಿಯಲ್ಲೇ ಬೀಜಕಣವಿಲ್ಲದ, ಕಡಿಮೆ ಬೀಜಕಣದ ತಳಿಗಳನ್ನು ರೂಪಿಸಿದ್ದಾರೆ. ಬೆಳೆಗಾರರ ಎದೆಗೂಡಿಗೆಂದು ಹುಡುಕಿದ ಈ ಪರಿಹಾರ, ಬೇಲಿ ಹಾರುವ ಹಳದಿ ಚಿಪ್ಪಿಗೂ ಹೊಂದುತ್ತದೆ.

ಹಳದಿ ಚಿಪ್ಪು, ಗುಲಾಬಿ ಚಿಪ್ಪು ಎಂದು ಬಣ್ಣ ಬಣ್ಣದ ಬೀಜ ಈಗ ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಕೊಯ್ಲು ಮುಗಿದ ಚೀಲದಲ್ಲಿ ಜೀವ ಇನ್ನೂ ಇರುತ್ತದೆ. ಕಾಡಂಚಿನ ಊರುಗಳಲ್ಲಿ ಹೊರಗಿನ ತಳಿ ಬೆಳೆಯುವವರು ಅದನ್ನು ತೋಟದ ಬದುವಿಗೋ ಹಳ್ಳದ ದಂಡೆಗೋ ಎಸೆಯದೆ, ಮತ್ತೊಮ್ಮೆ ಹಬೆಯಲ್ಲಿ ಬೇಯಿಸಿ ಎರೆಗೊಬ್ಬರದ ತೊಟ್ಟಿಗೆ ಹಾಕಿದರೆ ಹುಲ್ಲು ಗೊಬ್ಬರವಾಗುತ್ತದೆ, ಬೀಜಕಣವೂ ಅಲ್ಲಿಗೇ ನಿಲ್ಲುತ್ತದೆ.